ಹೆಡ್‌ಮಾಸ್ತರರಿಲ್ಲದ ಶಾಲೆಗಳು: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಕಡೆಯ ಜಿಲ್ಲೆಗಳ ಹೆಸರು ತಪ್ಪದೆ ಪತ್ರಿಕೆಗಳಲ್ಲಿ ಬರುತ್ತದೆ, ಪಟ್ಟಿಯ ತಳದಲ್ಲಿ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಿಗೆ ಬಂತು, ಕಲಬುರಗಿ ಶೇ 42.43ಕ್ಕೆ ಕೊನೆಯಲ್ಲಿ ನಿಂತಿತು. ಅದಾದ ವಾರದಲ್ಲಿ ನಡೆಯುವುದೆಲ್ಲ ನಮಗೆ ಬಾಯಿಪಾಠ. ಜಿಲ್ಲೆಯ ಉಪನಿರ್ದೇಶಕರಿಗೆ ಮೇಲಿನವರಿಂದ ತರಾಟೆ, ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಉಪನಿರ್ದೇಶಕರಿಂದ ತರಾಟೆ, ಹೆಡ್‌ಮಾಸ್ತರರಿಗೆ ಕಾರಣ ಕೇಳಿ ನೋಟಿಸು. ಅವರ ಕೆಳಗೆ ನೋಟಿಸು ಕೊಡಲು ಇನ್ಯಾರೂ ಇಲ್ಲದ್ದರಿಂದ ಆ ವರ್ಷದ ಸುಧಾರಣೆ ಅಲ್ಲಿಗೆ ಮುಗಿಯುತ್ತದೆ.

ನಕಲು ತಡೆಯಲು ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದನ್ನು ನಾನು ಟೀಕಿಸುವುದಿಲ್ಲ. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣ ಪ್ರಮಾಣ 2024ರಲ್ಲಿ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ 62.34. ಇದನ್ನು ಕುಸಿತ ಎಂದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಕ್ಕಳು ಮೊದಲೂ ಅಷ್ಟೇ ಕಲಿಯುತ್ತಿದ್ದರು, ನಮಗೆ ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ. ಕಂಡ ಮೇಲೆ ಏನು ಮಾಡಿದೆವು ಎಂಬುದು ನನ್ನ ಪ್ರಶ್ನೆ. ವಿಶೇಷ ತರಗತಿ, ಸಂಜೆ ತರಗತಿ, ಭಾನುವಾರದ ತರಗತಿ, ಉತ್ತೀರ್ಣರಾಗಲು ಬೇಕಾದಷ್ಟೇ ಓದಿಸುವ ಕೈಪಿಡಿ. ಎಲ್ಲವೂ ಹತ್ತನೇ ತರಗತಿಗೆ. ಹತ್ತನೇ ತರಗತಿಯಲ್ಲಿ ಎಡವಿದ ಹುಡುಗ ನಿಜವಾಗಿ ಎಡವಿದ್ದು ಎರಡನೆಯದರಲ್ಲೋ ಮೂರನೆಯದರಲ್ಲೋ. ಆಗ ಅವನ ಶಾಲೆಯಲ್ಲಿ ಅದನ್ನು ಗಮನಿಸಬೇಕಾಗಿದ್ದ ಒಬ್ಬರು ತಾಲ್ಲೂಕು ಕಚೇರಿಯ ಮೀಟಿಂಗಿನಲ್ಲಿದ್ದರು.

ನಾನು ರಾಯಚೂರು ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸೇವೆಯ ಕೊನೆಯ ವರ್ಷಗಳನ್ನು ಪ್ರಭಾರ ಮುಖ್ಯ ಶಿಕ್ಷಕನಾಗಿ, ಅಂದರೆ ಹುದ್ದೆ ಇಲ್ಲದೆ ಅದರ ಕೆಲಸ ಮಾತ್ರ ಹೊತ್ತವನಾಗಿ, ಕಳೆದೆ. ಪ್ರಭಾರದಲ್ಲೇ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು ಮನೆಗೆ ಬಂದೆ. ನನ್ನ ಜಾಗಕ್ಕೆ ಬಂದವರೂ ಪ್ರಭಾರಿಯೇ. ಸೇವೆಯಲ್ಲಿರುವ ಗೆಳೆಯರು ಇದನ್ನೆಲ್ಲ ಸಂಘದ ಸಭೆಯಲ್ಲಿ ಆಡಬಲ್ಲರು, ಪತ್ರಿಕೆಗೆ ಸಹಿ ಹಾಕಿ ಬರೆಯಲಾರರು. ನಡತೆ ನಿಯಮಗಳು ಅಡ್ಡ ಬರುತ್ತವೆ. ನನ್ನ ಪಿಂಚಣಿ ಕಾಗದಗಳೆಲ್ಲ ಮಂಜೂರಾಗಿವೆ. ಧೈರ್ಯ ಅಷ್ಟರಮಟ್ಟಿಗೆ ಹೆಚ್ಚು.

ಹೇಳಬೇಕಾಗಿರುವುದು ಇಷ್ಟು: ನಮ್ಮ ಸಣ್ಣ ಸರ್ಕಾರಿ ಶಾಲೆಗಳಿಗೆ ಮುಖ್ಯಸ್ಥರಿಲ್ಲ. ಬೀಗದ ಕೈ ಇಟ್ಟುಕೊಂಡವರು ಇದ್ದಾರೆ, ಸಹಿ ಹಾಕುವವರು ಇದ್ದಾರೆ, ಬೈಸಿಕೊಳ್ಳುವವರೂ ಇದ್ದಾರೆ. ಶಾಲೆಯನ್ನು ತನ್ನದೆಂದು ಹಿಡಿದು ನಡೆಸುವ, ಅದಕ್ಕಾಗಿಯೇ ಆರಿಸಿ, ತರಬೇತಿ ಕೊಟ್ಟು, ಸಮಯ ಕೊಟ್ಟು ಕೂರಿಸಿದ ಒಬ್ಬರು ಇಲ್ಲ.

ಇದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಯಾವ ಶಾಲೆಗೆ ಎಷ್ಟು ಶಿಕ್ಷಕರು ಎಂಬ ಪಟ್ಟಿ ಇದೆ. ಒಂದರಿಂದ ಐದನೇ ತರಗತಿಯಲ್ಲಿ 150ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಐವರು ಶಿಕ್ಷಕರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕ; ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿ ಮುಖ್ಯ ಶಿಕ್ಷಕ. ಅದಕ್ಕಿಂತ ಕಡಿಮೆ ಇದ್ದ ಕಡೆ ಕಾಯ್ದೆ ಮುಖ್ಯಸ್ಥರನ್ನು ಕೇಳುವುದೇ ಇಲ್ಲ. ನಮ್ಮ ಕಡೆಯ ತಾಂಡಾ, ದೊಡ್ಡಿ, ಕ್ಯಾಂಪುಗಳಲ್ಲಿ, ಮಲೆನಾಡಿನ ಚದುರಿದ ಊರುಗಳಲ್ಲಿ 150 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಯನ್ನು ಹುಡುಕಿ ತೋರಿಸಿ ನೋಡೋಣ. ಕಾಯ್ದೆ ಹೇಳಿದ್ದು ಕನಿಷ್ಠ ಎಷ್ಟಿರಬೇಕು ಎಂದು. ರಾಜ್ಯ ಅದಕ್ಕಿಂತ ಹೆಚ್ಚು ಕೊಡಬಾರದೆಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಅತಿ ಬಡವರ ಮಕ್ಕಳು, ಮನೆಯಲ್ಲಿ ಮೊದಲ ಬಾರಿಗೆ ಪಾಟಿ ಹಿಡಿದ ಮಕ್ಕಳು ಓದುವುದು ಇಂಥ ಸಣ್ಣ ಶಾಲೆಗಳಲ್ಲೇ. ಯಾರಿಗೆ ಹೆಚ್ಚು ಬೇಕೋ ಅವರ ಪಾಲಿನದನ್ನೇ ನಾವು ಲೆಕ್ಕಕ್ಕೆ ಸಿಗದಂತೆ ಬಿಟ್ಟಿದ್ದೇವೆ.

ಪ್ರಭಾರದಲ್ಲಿರುವವರ ದಿನ ಹೇಗಿರುತ್ತದೆ ಎಂದು ಬೆಂಗಳೂರಿನಿಂದ ಕಾಣುವುದು ಕಷ್ಟ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಳಗ್ಗೆ ಶಾಲೆಯ ಗೇಟು ತೆಗೆಯುವಾಗಲೇ ಅಡುಗೆಯವರು ಕಾಯುತ್ತಿರುತ್ತಾರೆ. ಗ್ಯಾಸ್ ಇವತ್ತಿಗೆ ಮಾತ್ರ ಬರುತ್ತದೆ, ಬೇಳೆಗೆ ಹುಳು ಬಿದ್ದಿದೆ, ಮೂವರಲ್ಲಿ ಒಬ್ಬರು ಬಂದಿಲ್ಲ. ಹಾಲಿನ ಪುಡಿಯ ದಾಸ್ತಾನು, ಅಕ್ಕಿಯ ದಾಸ್ತಾನು, ಎಣ್ಣೆಯ ದಾಸ್ತಾನು ಪುಸ್ತಕದಲ್ಲಿ ಏರಬೇಕು. ಆಮೇಲೆ ಮೊಟ್ಟೆ. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆ ಬಂತು. ಇತ್ತೀಚಿನ ವರ್ಷಗಳಲ್ಲಿ ಶಾಲೆಯ ಅಂಗಳಕ್ಕೆ ಬಂದ ಯೋಜನೆಗಳಲ್ಲಿ ಇಷ್ಟು ಒಳ್ಳೆಯದನ್ನು ನಾನು ಕಂಡಿಲ್ಲ. ಮೊಟ್ಟೆಯ ದಿನ ಗೈರುಹಾಜರಿ ಕಡಿಮೆಯಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಮೊಟ್ಟೆಯೊಂದಕ್ಕೆ 6 ರೂಪಾಯಿ, ಅದರಲ್ಲೇ ಕೊಳ್ಳಬೇಕು, ತರಬೇಕು, ಬೇಯಿಸಬೇಕು, ಸುಲಿಯುವವರ ಕೂಲಿಯನ್ನೂ ಕೊಡಬೇಕು. ಚಳಿಗಾಲದಲ್ಲಿ ಪೇಟೆಯ ದರ ಮೇಲೆ ಹೋದಾಗ ವ್ಯತ್ಯಾಸವನ್ನು ಕಿಸೆಯಿಂದ ತುಂಬುವವರು ಹೆಡ್‌ಮಾಸ್ತರರು. ತುಂಬದೆ ಮೊಟ್ಟೆ ಕಡಿಮೆ ಕೊಟ್ಟರೆ ಅಮಾನತಾಗುವವರೂ ಅವರೇ.

ಅಷ್ಟರಲ್ಲಿ ಫೋನು ಗುಂಯ್ ಎನ್ನುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಂದೇಶ: ‘ತುರ್ತು, ಮಧ್ಯಾಹ್ನ 12ರೊಳಗೆ’. ರಾಜ್ಯದ ವಿದ್ಯಾರ್ಥಿ ಮಾಹಿತಿಯ ಜಾಲತಾಣ ಸ್ಯಾಟ್ಸ್‌ನಲ್ಲಿ ಹಾಜರಿ, ಕೇಂದ್ರದ ಶಾಲಾ ಮಾಹಿತಿಯ ಜಾಲತಾಣ ಯುಡೈಸ್ ಪ್ಲಸ್‌ನಲ್ಲಿ ಕೊಠಡಿಗಳ ವಿವರ, ಪ್ರತಿ ವಿದ್ಯಾರ್ಥಿಗೂ ಅಪಾರ್ ಎಂಬ ಗುರುತಿನ ಸಂಖ್ಯೆ (ಐಡಿ). ಆಧಾರ್‌ನಲ್ಲಿ ಮಗುವಿನ ಹೆಸರು ಒಂದು ರೀತಿ, ದಾಖಲಾತಿ ವಹಿಯಲ್ಲಿ ಇನ್ನೊಂದು ರೀತಿ. ಎರಡೂ ಹೊಂದದೆ ಐಡಿ ಹುಟ್ಟುವುದಿಲ್ಲ. ತಂದೆ ತಾಯಿಯನ್ನು ಕರೆಸಬೇಕೆಂದರೆ ಅವರು ಗುಳೆ ಹೋಗಿ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾರೆ. ಶೌಚಾಲಯವನ್ನು ಮಕ್ಕಳಿಂದ ತೊಳೆಸಬಾರದು ಎಂಬ ಆದೇಶ ಇದೆ, ನೂರಕ್ಕೆ ನೂರು ಸರಿಯಾದ ಆದೇಶ. ಹಾಗಾದರೆ ತೊಳೆಯುವವರು ಯಾರು? ಬಹುತೇಕ ಪ್ರಾಥಮಿಕ ಶಾಲೆಗಳಲ್ಲಿ ಜವಾನರೂ ಇಲ್ಲ, ಗುಮಾಸ್ತರೂ ಇಲ್ಲ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10 ಸಾವಿರ, 31ರಿಂದ 100 ಮಕ್ಕಳಿದ್ದರೆ 25 ಸಾವಿರ ರೂಪಾಯಿ ಅನುದಾನ. ಸೀಮೆಸುಣ್ಣದಿಂದ ಹಿಡಿದು ನಲ್ಲಿಯ ರಿಪೇರಿ, ರಾಷ್ಟ್ರೀಯ ಹಬ್ಬದ ಖರ್ಚು, ಫಿನಾಯಿಲ್‌ವರೆಗೆ ಎಲ್ಲವೂ ಅದರಲ್ಲೇ ಆಗಬೇಕು. ವಿದ್ಯುತ್ತು, ನೀರಿನ ಬಿಲ್ಲನ್ನು ಸರ್ಕಾರವೇ ಹೊತ್ತುಕೊಂಡದ್ದು ಒಂದು ದೊಡ್ಡ ಉಪಕಾರ, ಅದನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಮಾಡುವವರು ಪಾಠವನ್ನೂ ಮಾಡಬೇಕು. ಪ್ರಭಾರ ಎಂದರೆ ಹೆಚ್ಚುವರಿ ಕೆಲಸ, ತರಗತಿಯ ಬದಲಿಗೆ ಕೊಟ್ಟದ್ದಲ್ಲ. ಒಂದೇ ಎತ್ತಿಗೆ ನೇಗಿಲನ್ನೂ ಗಾಡಿಯನ್ನೂ ಕಟ್ಟಿದ ಹಾಗೆ. ಇನ್ನೊಂದು ಸಂಕಟ ಬೇರೆಯೇ. ನಿನ್ನೆಯವರೆಗೆ ಜೊತೆಗೆ ಕೂತು ಚಹಾ ಕುಡಿದ ಸಹೋದ್ಯೋಗಿಗೆ ಇವತ್ತು ‘ಸರ್, ತಡವಾಗಿ ಬಂದಿರಿ’ ಎಂದು ಹೇಳುವ ಅಧಿಕಾರ ಪ್ರಭಾರಿಗೆ ಎಲ್ಲಿಂದ ಬರಬೇಕು? ಅವರ ಸಂಬಳವೂ ಇವರ ಸಂಬಳವೂ ಒಂದೇ, ಶ್ರೇಣಿಯೂ ಒಂದೇ. ಆದ್ದರಿಂದಲೇ ಹಿರಿಯರು ಚಾರ್ಜು ಬೇಡವೆಂದು ವೈದ್ಯಕೀಯ ಕಾರಣ ಬರೆದುಕೊಡುತ್ತಾರೆ. ಊರೆಲ್ಲ ಕುರ್ಚಿಗಾಗಿ ಹೊಡೆದಾಡಿದರೆ ನಮ್ಮಲ್ಲಿ ಕುರ್ಚಿ ಬೇಡವೆಂದು ಹೊಡೆದಾಟ. ಕೊನೆಗೆ ಅದು ಬಂದು ಬೀಳುವುದು ಶಾಲೆಯ ಅತಿ ಕಿರಿಯ ಕಾಯಂ ಶಿಕ್ಷಕಿಯ ಮೇಲೆ. ಉಳಿದವರು ಅತಿಥಿ ಶಿಕ್ಷಕರು, ಅವರಿಗೆ ಚಾರ್ಜು ಕೊಡುವಂತಿಲ್ಲ.

ಆ ಕಿರಿಯ ಶಿಕ್ಷಕಿಯೇ ಬಹಳ ಸಲ ನಲಿಕಲಿಯನ್ನೂ, ಅಂದರೆ ಚಿಕ್ಕ ತರಗತಿಯ ಮಕ್ಕಳು ಕಾರ್ಡು, ಹಾಡು, ಆಟಗಳಿಂದ ಕಲಿಯುವ ಪದ್ಧತಿಯ ತರಗತಿಯನ್ನೂ, ನೋಡಿಕೊಳ್ಳುವವರು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ರಾಜ್ಯದಲ್ಲಿ ಶಿಕ್ಷಣ ಸುಧಾರಣೆ ಎಂಬುದು ಹೇಗೆ ಹುಟ್ಟುತ್ತದೆ, ಹೇಗೆ ಸೊರಗುತ್ತದೆ ಎಂಬುದಕ್ಕೆ ನಲಿಕಲಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಮಾಸ್ತರರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಲಿಕಾ ಕಾರ್ಡುಗಳನ್ನು ನೋಡಿ ಬಂದರು. ಯುನಿಸೆಫ್ ಬೆನ್ನಿಗೆ ನಿಂತಿತು. ಬಂದವರು ಅದನ್ನು ಹಾಗೆಯೇ ಎತ್ತಿ ತರಲಿಲ್ಲ. ತಮ್ಮ ಮಕ್ಕಳ ಮಾತು, ಹಾಡು, ಆಟ ಸೇರಿಸಿ ತಾವೇ ಕೂತು ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು, ಮೈಲಿಗಲ್ಲು ನಿಲ್ಲಿಸಿದರು. ಕಾಡಂಚಿನ ಹಿಂದುಳಿದ ತಾಲ್ಲೂಕಿನಿಂದ ಹೊರಟದ್ದು ದೇಶದ ಬೇರೆ ಭಾಗದವರೂ ಬಂದು ನೋಡುವ ಮಾದರಿಯಾಯಿತು. 2009-10ರಿಂದ ಅದು ಆದೇಶವಾಗಿ ರಾಜ್ಯದ ಎಲ್ಲ ಶಾಲೆಗಳಿಗೆ ಬಂತು. ಕಾರ್ಡು ಬಂತು, ತಟ್ಟೆ ಬಂತು, ಗೋಡೆಗೆ ಏಣಿಯ ಚಿತ್ರ ಬಂತು. ಹೆಗ್ಗಡದೇವನಕೋಟೆಯ ಆ ಮಾಸ್ತರರಿಗೆ ಇದ್ದ ಒಂದು ಸಂಗತಿ ಮಾತ್ರ ಬರಲಿಲ್ಲ: ನಮ್ಮ ಶಾಲೆಯಲ್ಲಿ ಏನು ನಡೆಯುತ್ತಿಲ್ಲ, ಹೇಗೆ ಬದಲಿಸೋಣ ಎಂದು ಕೂತು ಯೋಚಿಸುವ ಪುರುಸೊತ್ತು, ಯೋಚಿಸಿದ್ದನ್ನು ಮಾಡಲು ಒಂದಿಷ್ಟು ಸ್ವಾತಂತ್ರ್ಯ.

ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿರುವ ನಲಿಕಲಿ ಕೋಣೆಯಿಂದ ಟೀಚರು ದಿನಕ್ಕೆ ನಾಲ್ಕು ಸಲ ಎದ್ದು ಹೋದರೆ ಏನಾಗುತ್ತದೆ ಎಂದು ತಿಳಿಯಲು ಯಾವ ಅಧ್ಯಯನವೂ ಬೇಕಿಲ್ಲ. ಅಕ್ಷರ ಕೂಡಿಸಿ ಪದ ಓದುವ ಹೊತ್ತಿಗೆ ಸರಿಯಾಗಿ ಬಿಇಒ ಕಚೇರಿಯ ಮೀಟಿಂಗು. ಮಕ್ಕಳು ತಟ್ಟೆಯಲ್ಲಿ ಕಾರ್ಡು ಇಟ್ಟುಕೊಂಡು ಕೂರುತ್ತಾರೆ. ಆ ಮಕ್ಕಳೇ ಏಳು ವರ್ಷದ ಬಳಿಕ ವೆಬ್‌ಕಾಸ್ಟಿಂಗ್ ಕ್ಯಾಮೆರಾದ ಕೆಳಗೆ ಖಾಲಿ ಉತ್ತರಪತ್ರಿಕೆ ಇಟ್ಟುಕೊಂಡು ಕೂರುವವರು.

ಮುಖ್ಯಸ್ಥರು ಇದ್ದರೆ ಏನು ವ್ಯತ್ಯಾಸ ಎಂದು ಕೇಳುವವರಿಗೆ ನಾನು ಕಂಡ ಒಬ್ಬರ ಬಗ್ಗೆ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಹಿರಿಯ ಪ್ರಾಥಮಿಕ ಶಾಲೆಗೆ ಬಡ್ತಿ ಪಡೆದ ಮುಖ್ಯ ಶಿಕ್ಷಕರೊಬ್ಬರಿದ್ದರು. ಭಾಷಣ ಬರುತ್ತಿರಲಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ನಮ್ಮ ಕಡೆ ದಸರೆ ಮುಗಿದರೆ ಹತ್ತಿ ಬಿಡಿಸುವ ಕಾಲ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳು ಒಬ್ಬೊಬ್ಬರೇ ಶಾಲೆಯಿಂದ ಕರಗಿ ಹೋಗುತ್ತಾರೆ. ಆ ದಿನಗಳಲ್ಲಿ ಆ ಮುಖ್ಯ ಶಿಕ್ಷಕರು ಬೆಳಗಾಗುವ ಮೊದಲೇ ಊರ ಅಗಸಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು, ಕೂಲಿಯವರನ್ನು ತುಂಬಿಕೊಳ್ಳುವ ಟಂಟಂ ಬರುವ ಜಾಗ ಅದು. ಒಮ್ಮೆ ನಾನೂ ಜೊತೆಗಿದ್ದೆ. ಒಬ್ಬ ತಂದೆ ಎದುರು ನಿಂತು ಕೇಳಿದ: ‘ಸರಾ, ಹುಡುಗಿ ಹತ್ತಿ ಬಿಡಿಸಾಕ ಹೋದ್ರ ಸಂಜಿಗೆ ರೊಕ್ಕ ಕೈಗೆ ಬರ್ತದ. ನಿಮ್ಮ ಸಾಲ್ಯಾಗ ಕುಂತ್ರ ಏನ್ ಬರ್ತದ?’ ಅವರು ಉಪದೇಶ ಮಾಡಲಿಲ್ಲ. ‘ಯಜಮಾನ್ರ, ಈ ವಾರ ವಸತಿ ಸಾಲಿ ಪರೀಕ್ಷಾದ ಅರ್ಜಿ ಅದ. ಪಾಸಾದ್ಲಂದ್ರ ಹತ್ತನೇತ್ತದ ತನಕ ಊಟ, ಬಟ್ಟಿ, ಪುಸ್ತಕ ನಿಮಗ ಖರ್ಚಿಲ್ಲ. ನಾಳೆ ಫೋಟೋ ತಗೊಂಡು ಬರ್ರಿ’ ಅಂದರು, ಅಷ್ಟೆ. ಹುಡುಗಿಯ ತಂಗಿ ಐದನೇ ತರಗತಿಯಲ್ಲಿದ್ದಳು. ಅವರು ಹೇಳಿದ್ದು ತಂಗಿಯ ಬಗ್ಗೆ. ಅಕ್ಕ ಹೊಲಕ್ಕೆ ಹೋದಳು, ತಂಗಿ ಮೊರಾರ್ಜಿ ಶಾಲೆಗೆ ಹೋದಳು. ಇದು ಪೂರ್ತಿ ಗೆಲುವಿನ ಕಥೆಯಲ್ಲ ಎಂದು ನನಗೂ ಗೊತ್ತು.

ಬಡವರ ಮಗು ಮೇಲೆ ಬರುವುದು ಹೇಗೆ ಎಂಬ ಬಗ್ಗೆ ದೊಡ್ಡ ದೊಡ್ಡ ವಿಚಾರ ಸಂಕಿರಣಗಳು ನಡೆಯುತ್ತವೆ. ಹಳ್ಳಿಯಲ್ಲಿ ನಿಂತು ನೋಡಿದರೆ ಅದು ಕೆಲವು ಅರ್ಜಿಗಳ, ಕೆಲವು ಕೊನೆಯ ತಾರೀಕುಗಳ ವಿಷಯ. ಐದನೇ ತರಗತಿಯಲ್ಲಿರುವಾಗ ನವೋದಯ, ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ ವಸತಿ ಶಾಲೆ, ಆದರ್ಶ ವಿದ್ಯಾಲಯದ ಪ್ರವೇಶ ಪರೀಕ್ಷೆಗಳು. ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್. ಇದು ಕೇಂದ್ರದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ, ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ಮೀರದವರಿಗೆ. ಪಾಸಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12 ಸಾವಿರ ರೂಪಾಯಿ. ನಾಲ್ಕು ವರ್ಷಕ್ಕೆ 48 ಸಾವಿರ. ಒಂಬತ್ತನೆಯದಕ್ಕೇ ಶಾಲೆ ಬಿಡಿಸಬೇಕೆಂದಿದ್ದ ತಂದೆಯ ಮನಸ್ಸನ್ನು ಬದಲಿಸಲು ಸಾಕಾಗುವ ಮೊತ್ತ ಅದು. ಒಂದೇ ಹೋಬಳಿಯ ಒಂದು ಶಾಲೆಯಿಂದ ಪ್ರತಿ ವರ್ಷ ನಾಲ್ಕೈದು ಮಕ್ಕಳು ಪಾಸಾಗುವುದನ್ನೂ, ಪಕ್ಕದ ಶಾಲೆಯಿಂದ ಒಂದು ಅರ್ಜಿಯೂ ಹೋಗದೇ ಇರುವುದನ್ನೂ ನೋಡಿದ್ದೇನೆ. ಎರಡೂ ಶಾಲೆಯ ಮಕ್ಕಳು ಒಂದೇ ಬಗೆಯ ಮನೆಗಳಿಂದ ಬಂದವರು.

ಇನ್ನು ಸಹಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರಕ್ಕೆ ಮೊದಲ ಸಹಿ ಹಾಕುವವರು ಹಳ್ಳಿಯ ಮುಖ್ಯ ಶಿಕ್ಷಕರು, ಆಮೇಲೆ ಬಿಇಒ ಮೇಲುಸಹಿ. ಒಂದನೇ ತರಗತಿಗೆ ಸೇರಿಸುವಾಗ ಅವಸರದಲ್ಲಿ ಬರೆದ ಜಾತಿಯ ಹೆಸರು, ಅಂದಾಜಿಗೆ ಬರೆದ ಹುಟ್ಟಿದ ದಿನ ಹನ್ನೆರಡು ವರ್ಷ ಕಳೆದ ಮೇಲೆ ತಹಸೀಲ್ದಾರರ ಕಚೇರಿಯಲ್ಲಿ ಎದ್ದು ಕೂರುತ್ತವೆ. ಆ ಪುಸ್ತಕವನ್ನು ಜೋಪಾನವಾಗಿ ಬರೆಯುವ ಮುಖ್ಯಸ್ಥರಿದ್ದ ಊರಿನ ಮಕ್ಕಳು ಕೌನ್ಸೆಲಿಂಗ್‌ವರೆಗೆ ಹೋಗುತ್ತಾರೆ. ಇಲ್ಲದ ಊರಿನವರು ತಿದ್ದುಪಡಿಗಾಗಿ ಕೋರ್ಟು ಅಲೆಯುತ್ತಾರೆ. 1918ರಲ್ಲಿ ಮೈಸೂರು ಸಂಸ್ಥಾನ ಮಿಲ್ಲರ್ ಸಮಿತಿ ನೇಮಿಸಿದಾಗಿನಿಂದ 1975ರ ಹಾವನೂರು ವರದಿಯವರೆಗೆ, ಅಲ್ಲಿಂದ ಇಲ್ಲಿಯವರೆಗೆ, ಹಿಂದುಳಿದವರ ಪಾಲಿನ ಬಗ್ಗೆ ಇಷ್ಟು ದೀರ್ಘವಾಗಿ ಜಗಳವಾಡಿದ ರಾಜ್ಯ ದೇಶದಲ್ಲಿ ಹೆಚ್ಚಿಲ್ಲ. ಆ ಪಾಲು ತೆಗೆದುಕೊಳ್ಳಲು ಮೊದಲು ಎಸ್ಸೆಸ್ಸೆಲ್ಸಿ ದಾಟಬೇಕು ಎಂಬುದು ಮಾತ್ರ ಆ ಜಗಳದಲ್ಲಿ ಹಿಂದೆ ಬೀಳುತ್ತದೆ.

2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನೇ ನೋಡಿ. ಸಮೀಕ್ಷೆ ಬೇಕೇ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಗಣತಿದಾರರಲ್ಲಿ ಬಹುಪಾಲು ಶಿಕ್ಷಕರು. ಕೆಲಸ ಮುಗಿಯಲಿಲ್ಲವೆಂದು ದಸರೆ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಯಾವ ಜಾತಿಯವರು ಶಿಕ್ಷಣದಲ್ಲಿ ಎಷ್ಟು ಹಿಂದೆ ಬಿದ್ದಿದ್ದಾರೆ ಎಂದು ಎಣಿಸಲು ಅದೇ ಜಾತಿಗಳ ಮಕ್ಕಳ ಶಾಲೆಗೆ ಬೀಗ. ಹತ್ತಿ ಬಿಡಿಸುವ ಕಾಲಕ್ಕೆ ಸರಿಯಾಗಿ ಬಿದ್ದ ಬೀಗ. ಖಾಸಗಿ ಶಾಲೆಗಳ ಮಕ್ಕಳು ಆ ದಿನಗಳಲ್ಲಿ ಏನು ಮಾಡುತ್ತಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ತಮ್ಮ ಮುಂದಿರುವ ದೊಡ್ಡ ಯೋಜನೆಗಳ ವಿಷಯ. 2025ರ ಆಗಸ್ಟ್‌ನಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ವರದಿ ಕೊಟ್ಟಿತು. ಟಿವಿಯಲ್ಲಿ ಚರ್ಚೆಯೆಲ್ಲ ಎರಡು ಭಾಷೆಯೋ ಮೂರು ಭಾಷೆಯೋ, ಪೂರ್ವ ಪ್ರಾಥಮಿಕ ಎರಡು, ಪ್ರಾಥಮಿಕ ಎಂಟು, ಪ್ರೌಢ ನಾಲ್ಕು ವರ್ಷ ಎಂಬ 2+8+4 ಸರಿಯೋ ತಪ್ಪೋ ಎಂಬುದರ ಸುತ್ತ. ಭಾಷೆಯ ಪ್ರಶ್ನೆ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಯಾವ ನೀತಿ ಗೆದ್ದರೂ ಅದರ ಸುತ್ತೋಲೆ ಬಂದು ಬೀಳುವುದು ಅದೇ ಪ್ರಭಾರಿಯ ಮೇಜಿನ ಮೇಲೆ, ಮೊಟ್ಟೆಯ ವೋಚರುಗಳ ಪಕ್ಕದಲ್ಲಿ. 2025-26ರ ಬಜೆಟ್ಟಿನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂಪಾಯಿಯಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಘೋಷಣೆಯಾಯಿತು. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣ, ಪ್ರಾಂಶುಪಾಲರು, ಲ್ಯಾಬು. ತಂದೆ ತಾಯಂದಿರಿಗೆ ಇಷ್ಟವಾಗಿದೆ, ದಾಖಲಾತಿಗೆ ಸಾಲು ನಿಲ್ಲುತ್ತಾರೆ. ಅದನ್ನು ಕಂಡು ಹೊಟ್ಟೆಯುರಿ ಪಡಲು ನಾನೇನು ಖಾಸಗಿ ಶಾಲೆಯ ಮಾಲೀಕನಲ್ಲ. ನನ್ನ ಭಯ ಬೇರೆ. ರಾಜ್ಯದಲ್ಲಿ 46 ಸಾವಿರದಷ್ಟು ಸರ್ಕಾರಿ ಶಾಲೆಗಳಿವೆ. ಐದುನೂರಕ್ಕೆ ಹಣ, ಗಮನ, ನಾಯಕತ್ವ ಎಲ್ಲ ಹರಿದು, ಉಳಿದವು ಮಕ್ಕಳು ಕಡಿಮೆಯೆಂದು ಒಂದೊಂದೇ ಬಾಗಿಲು ಮುಚ್ಚಿದರೆ? ಬಸ್ಸು ಕೊಡುತ್ತೇವೆ ಎನ್ನಬಹುದು. ಬಸ್ಸು ಕೆಟ್ಟ ದಿನ ಗಂಡುಮಗು ನಡೆದು ಹೋಗುತ್ತದೆ, ಹೆಣ್ಣುಮಗುವಿಗೆ ಆವತ್ತು ಮನೆಯಲ್ಲಿ ಕೆಲಸ ಸಿಗುತ್ತದೆ.

ಹಾಗಾದರೆ ಏನು ಮಾಡಬೇಕು? ಸಣ್ಣ ಶಾಲೆಗಳನ್ನು ಮುಚ್ಚದೆ, ಮೂರು ನಾಲ್ಕು ಶಾಲೆಗಳಿಗೆ ಸೇರಿ ಒಬ್ಬ ಪೂರ್ಣಾವಧಿ ಮುಖ್ಯಸ್ಥರನ್ನು ಕೊಡಿ. ಅವರಿಗೆ ತರಗತಿ ಹಂಚಬೇಡಿ. ವಾರದಲ್ಲಿ ಪ್ರತಿ ಶಾಲೆಗೂ ಹೋಗಬೇಕು, ನಲಿಕಲಿ ಕೋಣೆಯಲ್ಲಿ ಕೂರಬೇಕು, ಹೊಸ ಶಿಕ್ಷಕರಿಗೆ ತಾವೇ ಪಾಠ ಮಾಡಿ ತೋರಿಸಬೇಕು, ಅರ್ಜಿಗಳ ತಾರೀಕು ನೆನಪಿಡಬೇಕು, ಗುಳೆ ಹೊರಟ ಮನೆಯ ಬಾಗಿಲು ತಟ್ಟಬೇಕು. ಹತ್ತಿರದ ಕೆಲವು ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಒಬ್ಬರಂತೆ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಇದ್ದಾರಲ್ಲ ಎಂದು ಕಚೇರಿಯವರು ಹೇಳುವುದು ಗೊತ್ತು. ಸಿಆರ್‌ಪಿ ಎಂಬ ಹುದ್ದೆ ಹುಟ್ಟಿದ್ದು ಇದಕ್ಕಾಗಿಯೇ. ಈಗ ಅವರು ಮಾಹಿತಿ ಸಂಗ್ರಹಿಸಿ ಮೇಲಕ್ಕೆ ದಾಟಿಸುವ ಅಂಚೆಯಣ್ಣರಾಗಿದ್ದಾರೆ. ಶಾಲೆಯ ಮೇಲೆ ಅವರಿಗೆ ಅಧಿಕಾರವೂ ಇಲ್ಲ, ಹೊಣೆಯೂ ಇಲ್ಲ.

ಲೆಕ್ಕಪತ್ರವನ್ನು ಬೇರೆಯವರಿಗೆ ಕೊಡಿ. ಪ್ರತಿ ಕ್ಲಸ್ಟರಿಗೆ ಒಬ್ಬ ಲೆಕ್ಕ ಸಹಾಯಕರು ಇದ್ದರೆ ಬಿಸಿಯೂಟದ ದಾಸ್ತಾನು, ಸ್ಯಾಟ್ಸ್, ಅನುದಾನದ ಬಳಕೆ ಪ್ರಮಾಣಪತ್ರ ಎಲ್ಲ ಅವರು ನೋಡಿಕೊಳ್ಳಬಹುದು. ದೆಹಲಿ ಸರ್ಕಾರ ತನ್ನ ಶಾಲೆಗಳಿಗೆ ಎಸ್ಟೇಟ್ ಮ್ಯಾನೇಜರುಗಳನ್ನು ನೇಮಿಸಿ ನಲ್ಲಿ, ಶೌಚಾಲಯ, ರಿಪೇರಿಯ ತಲೆನೋವನ್ನು ಪ್ರಾಂಶುಪಾಲರಿಂದ ಇಳಿಸಿತ್ತು. ದೆಹಲಿಯ ಒಂದೊಂದು ಶಾಲೆಯಲ್ಲಿ ಸಾವಿರಾರು ಮಕ್ಕಳು, ಅಲ್ಲಿನ ಲೆಕ್ಕ ನಮಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಪಾಠದ ಮನುಷ್ಯನನ್ನು ಪಾಠಕ್ಕೆ ಬಿಡಿ ಎಂಬ ತತ್ವ ಹೊಂದುತ್ತದೆ. ಹಣ ಎಲ್ಲಿಂದ ಎಂದರೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ನಮ್ಮ ಏಳು ಜಿಲ್ಲೆಗಳಲ್ಲಿ ಮೊದಲು ಮಾಡಿ ನೋಡಬಹುದು. ಮಂಡಳಿಗೆ ಕೊಠಡಿ ಕಟ್ಟಿಸುವುದು ಇಷ್ಟ, ಏಕೆಂದರೆ ಕೊಠಡಿಗೆ ಶಂಕುಸ್ಥಾಪನೆ ಮಾಡಬಹುದು. ಲೆಕ್ಕ ಸಹಾಯಕರಿಗೆ ಶಂಕುಸ್ಥಾಪನೆ ಇಲ್ಲ.

ಆಯ್ಕೆಯ ವಿಷಯ ಸೂಕ್ಷ್ಮ. ಬಡ್ತಿ ಈಗ ಜ್ಯೇಷ್ಠತೆಯಿಂದ ಬರುತ್ತದೆ, ಬರುವ ಹೊತ್ತಿಗೆ ನಿವೃತ್ತಿಗೆ ನಾಲ್ಕೈದು ವರ್ಷ ಉಳಿದಿರುತ್ತದೆ. 2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪು, ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಇಲ್ಲದೆ ಕೆಲಸದಲ್ಲಿ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಟಿಇಟಿ ಪಾಸಾಗಿರಬೇಕು ಎಂದಿದೆ. ಅಂದರೆ ಮುಖ್ಯ ಶಿಕ್ಷಕರಾಗುವ ಸಾಲಿನಲ್ಲಿ ಮುಂದೆ ನಿಂತವರೇ ಸಿಕ್ಕಿಕೊಂಡರು. ಏನೂ ಮಾಡದೆ ಕೂತರೆ ಪ್ರಭಾರಿಗಳ ಸಂಖ್ಯೆ ಇನ್ನೂ ಏರುತ್ತದೆ. ಈ ಇಕ್ಕಟ್ಟನ್ನೇ ಅವಕಾಶ ಮಾಡಿಕೊಳ್ಳಬಹುದು. ಒಂದು ಪಾಲು ಹುದ್ದೆಗಳನ್ನು ಜ್ಯೇಷ್ಠತೆಗೇ ಬಿಟ್ಟು, ಇನ್ನೊಂದು ಪಾಲನ್ನು ಹತ್ತು ಹನ್ನೆರಡು ವರ್ಷ ಸೇವೆ ಮಾಡಿದ, ಬೇಕೆಂದು ಕೇಳಿ ಬರುವ ಶಿಕ್ಷಕರಿಗೆ ಪರೀಕ್ಷೆಯ ಮೂಲಕ ಕೊಡಿ. ಕೇರಳದಲ್ಲಿ ಹೆಡ್‌ಮಾಸ್ತರಿಕೆಗೆ ಲೆಕ್ಕಪತ್ರದ ಇಲಾಖಾ ಪರೀಕ್ಷೆ, ಶಿಕ್ಷಣ ಕಾಯ್ದೆ ಮತ್ತು ನಿಯಮಗಳ ಪರೀಕ್ಷೆ ಎಂದಿನಿಂದಲೋ ಇವೆ. ಸಂಘದ ನನ್ನ ಹಳೆಯ ಗೆಳೆಯರು ಈ ಸಾಲಿಗೆ ಸಿಟ್ಟಾಗುತ್ತಾರೆ. ಆಗಲಿ. ಬೇಡವೆನ್ನುವವರ ತಲೆಗೆ ಕಟ್ಟುವುದಕ್ಕಿಂತ ಬೇಕೆನ್ನುವವರನ್ನು ಕೂರಿಸುವುದು ಮೇಲು.

ತರಬೇತಿಗೆ ಹೊಸ ಸಂಸ್ಥೆ ಬೇಕಿಲ್ಲ. ಶಾಲಾ ನಾಯಕತ್ವಕ್ಕೆಂದೇ ಧಾರವಾಡದಲ್ಲಿ ಸಿಸ್ಲೆಪ್ ಎಂಬ ರಾಜ್ಯ ಸಂಸ್ಥೆ ಇದೆ, ಜಿಲ್ಲೆಗಳಲ್ಲಿ ಶಿಕ್ಷಕರ ತರಬೇತಿಗೆ ಡಯಟ್ ಇವೆ. ಬೇಕಾಗಿರುವುದು ಪಿಪಿಟಿ ನೋಡಿ ಊಟ ಮಾಡಿ ಬರುವ ತರಬೇತಿಯಲ್ಲ; ಚೆನ್ನಾಗಿ ನಡೆಯುತ್ತಿರುವ ಶಾಲೆಯ ಮುಖ್ಯಸ್ಥರ ಹಿಂದೆ ಒಂದು ತಿಂಗಳು ನಡೆದಾಡಿ ಬರುವುದು. ಕುರ್ಚಿಗೆ ಕೂರುವ ಮೊದಲು, ಕೂತ ಮೇಲಲ್ಲ. ಕೂತವರನ್ನು ಐದು ವರ್ಷ ಅಲ್ಲೇ ಇರಗೊಡಿ. ಕೌನ್ಸೆಲಿಂಗ್ ಮೂಲಕ ವರ್ಗಾವಣೆ ಬಂದ ಮೇಲೆ ಲಂಚ ತಗ್ಗಿತು, ಅದರ ಗೌರವ ಅದಕ್ಕೆ ಸಲ್ಲಬೇಕು. ಆದರೂ ದೂರದ ಹಳ್ಳಿಗಳ ಸಿ ವಲಯದ ಶಾಲೆಯಿಂದ ಪಟ್ಟಣದ ಎ ವಲಯಕ್ಕೆ ಓಡುವುದೇ ಸೇವೆಯ ಗುರಿ ಎನ್ನುವಂತಾಗಿದೆ. ಸಿ ವಲಯದಲ್ಲಿ ಐದು ವರ್ಷ ಶಾಲೆ ನಡೆಸಿ ಸೈ ಎನಿಸಿಕೊಂಡ ಮುಖ್ಯಸ್ಥರಿಗೆ ಮುಂದಿನ ಜಾಗವನ್ನು ತಾವೇ ಆರಿಸಿಕೊಳ್ಳುವ ಮೊದಲ ಹಕ್ಕು ಕೊಟ್ಟು ನೋಡಿ.

ತಂದೆ ತಾಯಂದಿರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ, ಬಗ್ಗೆ ಒಂದೇ ಮಾತು. ರಾಜಾ ರಾಮಣ್ಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಈ ಸಮಿತಿಗಳು ಬಂದಾಗ ದೇಶಕ್ಕೆ ನಾವು ಮುಂದಿದ್ದೆವು. ಈಗ ಬಹಳ ಊರುಗಳಲ್ಲಿ ಅಧ್ಯಕ್ಷರ ಸಹಿ ಚೆಕ್ಕಿಗೆ ಮಾತ್ರ ಬೇಕು. ಪ್ರಭಾರಿಗೆ ಸಮಿತಿಯನ್ನು ಕಟ್ಟುವ ಹೊತ್ತಿಲ್ಲ, ಸಮಿತಿಗೆ ಪ್ರಭಾರಿಯ ಮೇಲೆ ನಂಬಿಕೆಯಿಲ್ಲ.

ಕೊನೆಗೆ ಒಂದು ಬೇಡಿಕೆ, ಇದಕ್ಕೆ ಬಜೆಟ್ಟೂ ಬೇಡ, ಆಯೋಗವೂ ಬೇಡ. ಎಷ್ಟು ಸರ್ಕಾರಿ ಶಾಲೆಗಳಲ್ಲಿ ಪೂರ್ಣಾವಧಿ ಮುಖ್ಯ ಶಿಕ್ಷಕರಿದ್ದಾರೆ, ಎಷ್ಟರಲ್ಲಿ ಹುದ್ದೆ ಇದ್ದೂ ಖಾಲಿ, ಎಷ್ಟರಲ್ಲಿ ಹುದ್ದೆಯೇ ಇಲ್ಲ, ಎಷ್ಟು ಕಡೆ ನಲಿಕಲಿ ಶಿಕ್ಷಕರೇ ಪ್ರಭಾರದಲ್ಲಿದ್ದಾರೆ ಎಂಬುದನ್ನು ತಾಲ್ಲೂಕುವಾರು ಪಟ್ಟಿ ಮಾಡಿ ಇಲಾಖೆಯ ಜಾಲತಾಣದಲ್ಲಿ ಹಾಕಿಸಿ. ಪ್ರತಿ ವರ್ಷ ಶಾಲಾ ಪ್ರಾರಂಭೋತ್ಸವಕ್ಕೆ ಮೊದಲು ಹಾಕಿಸಿ. ಪಕ್ಕದಲ್ಲೇ ಆ ತಾಲ್ಲೂಕಿನ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೂ ಬರೆಸಿ. ಮಾಹಿತಿ ಇಲಾಖೆಯ ಬಳಿ ಈಗಾಗಲೇ ಇದೆ; ‘ತುರ್ತು, ಸಂಜೆಯೊಳಗೆ’ ಎಂದು ಒಂದು ಸಂದೇಶ ಹಾಕಿದರೆ ಇಲ್ಲದ್ದೂ ಬಂದು ಸೇರುತ್ತದೆ. ಮುಂದಿನ ಮೇ ತಿಂಗಳಲ್ಲಿ ಯಾರಿಗೆ ನೋಟಿಸು ಕೊಡಬೇಕು ಎಂದು ಆ ಪಟ್ಟಿಯನ್ನು ನೋಡಿಕೊಂಡು ತಾವೇ ತೀರ್ಮಾನಿಸಬಹುದು.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಭಾರ ಮುಖ್ಯ ಶಿಕ್ಷಕ
ರಾಯಚೂರು ಜಿಲ್ಲೆ